ಕ್ಯೋಟೋದ ನೈಸರ್ಗಿಕ ಸಾಣೆಕಲ್ಲಿಗೆ ತಳ ಕೂರಿಸುವುದು: ಮರ ಯಾವುದು, ಅಂಟು ಯಾವುದು?

ತುಂಗಾತೀರ_ಉಳಿ:

ಎಲ್ಲರಿಗೂ ನಮಸ್ಕಾರ. ಜಪಾನಿನ ಕ್ಯೋಟೋ ಕಡೆಯ ಅವಾಸೆದೋ ಕಲ್ಲೊಂದಕ್ಕೆ ತಳ ಮಾಡಬೇಕಿದೆ. ಉಳಿ, ಹತ್ತರಿ ಬ್ಲೇಡುಗಳಿಗೆ ಕಟ್ಟಕಡೆಯ ಹದ ಕೊಡೋದಕ್ಕೆ ಬಳಸುವ ಗಟ್ಟಿ ಕಲ್ಲು, ತೊಮಾಯೆ ಪದರದ್ದು.

ಉದ್ದ 195 ಮಿ.ಮೀ., ಅಗಲ 70. ದಪ್ಪ ಮಾತ್ರ ಒಂದೇ ಸಮ ಇಲ್ಲ: ಒಂದು ತುದಿಯಲ್ಲಿ 14, ಇನ್ನೊಂದು ತುದಿಯಲ್ಲಿ 19 ಮಿ.ಮೀ. ಮೇಲ್ಮುಖ ಗರಗಸದಲ್ಲಿ ಕೊಯ್ದದ್ದು, ಚಪ್ಪಟೆಯಾಗಿದೆ. ಅಡಿ ಮುಖದಲ್ಲಿ ಕಂದು ಬಣ್ಣದ ಸಿಪ್ಪೆ, ಅಲ್ಲಲ್ಲಿ ಉಳಿ ಹೊಡೆದ ಗುರುತು. ಮಟ್ಟಸ ಹಲಗೆ ಮೇಲಿಟ್ಟರೆ ಅಲ್ಲಾಡುತ್ತೆ. ಒಂದು ಉದ್ದದ ಬದಿಯಲ್ಲಿ ಸುಮಾರು 40 ಮಿ.ಮೀ. ದೂರಕ್ಕೆ ಕೂದಲೆಳೆಯಂಥ ಗೆರೆಯೂ ಇದೆ.

ನನ್ನ ಪ್ರಶ್ನೆಗಳು: ತಳಕ್ಕೆ ತೇಗ ಆಗುತ್ತಾ, ಪ್ಲೈವುಡ್ ಒಳ್ಳೆಯದಾ? ಕುಳಿ ತೋಡಿ ಕೂರಿಸಿದರೆ ಸಾಕಾ, ಅಂಟು ಹಾಕಲೇಬೇಕಾ? ಅಡಿಭಾಗವನ್ನು ಉಜ್ಜಿ ಮಟ್ಟ ಮಾಡಿಬಿಡಬಹುದಾ? ಬದಿಗಳಿಗೆ ಬಣ್ಣ ಅಥವಾ ವಾರ್ನಿಶ್ ಬಳೀತಾರಲ್ಲ, ಇಲ್ಲಿ ಸಿಗುವುದರಲ್ಲಿ ಯಾವುದು ಸರಿ? ನಮ್ಮದು ಮಲೆನಾಡು, ಮಳೆಗಾಲದಲ್ಲಿ ಮರದ ಬಾಗಿಲು ಕೂಡ ಹಾಕೋಕೆ ಬರಲ್ಲ ಅನ್ನೋದನ್ನೂ ಗಮನದಲ್ಲಿ ಇಟ್ಟುಕೊಂಡು ಹೇಳಿ.

---

ಬಾಚಿ_ಬೈರಿಗೆ:

ತಳ ಯಾವುದು ಅನ್ನೋ ಮುಂಚೆ ತಳ ಯಾಕೆ ಅನ್ನೋದು ನೋಡಬೇಕು. ಕಲ್ಲು ಜಾರದ ಹಾಗೆ ಹಿಡಿಯೋದು ಅದರ ಸಣ್ಣ ಕೆಲಸ. ದೊಡ್ಡ ಕೆಲಸ ಹೊರುವುದು. 14 ಮಿ.ಮೀ. ದಪ್ಪದ ಪದರಗಲ್ಲಿನ ಅಡಿಯಲ್ಲಿ ಎಲ್ಲಾದರೂ ಪೊಳ್ಳು ಉಳಿದರೆ, ಹತ್ತರಿ ಬ್ಲೇಡಿನ ಒತ್ತಡ ಅದರ ಮೇಲೆ ಬಿದ್ದಾಗ ಕಲ್ಲು ಅಲ್ಲಿಂದಲೇ ಸೀಳುತ್ತೆ. ಹಾಗಾಗಿ ಇಡೀ ಅಡಿಭಾಗಕ್ಕೆ ಆಸರೆ ಸಿಗಬೇಕು. ಜೊತೆಗೆ, ತಳ ತಾನು ಹಿಗ್ಗಿ ಕುಗ್ಗುವಾಗ ಕಲ್ಲನ್ನು ಹಿಂಡಬಾರದು, ಎಳೆಯಬಾರದು. ಈ ಎರಡು ಸರಿಯಾದರೆ ಉಳಿದದ್ದೆಲ್ಲ ನಿಮ್ಮ ಅನುಕೂಲ.

ಅಡಿಭಾಗವನ್ನು ಉಜ್ಜಿ ಮಟ್ಟ ಮಾಡಬೇಡಿ. 5 ಮಿ.ಮೀ. ವ್ಯತ್ಯಾಸ ಇದೆ ಅಂದರೆ ದಪ್ಪ ತುದಿಯಲ್ಲಿ ಅಷ್ಟು ಒಳ್ಳೆ ಕಲ್ಲು ಪುಡಿಯಾಗಿ ಹೋಗುತ್ತೆ. ಎದ್ದು ನಿಂತ ಒಂದೆರಡು ಮೊನೆಗಳಿದ್ದರೆ ಅವನ್ನಷ್ಟೇ ತಗ್ಗಿಸಿ. ಸಿಪ್ಪೆ ಬೆರಳಲ್ಲಿ ಉಜ್ಜಿದರೆ ಉದುರುವಂತಿದ್ದರೆ ಹಿತ್ತಾಳೆ ತಂತಿಯ ಬ್ರಷ್‌ನಲ್ಲಿ ಸಡಿಲ ಇರೋದನ್ನು ತೆಗೆಯಿರಿ, ಗಟ್ಟಿ ಸಿಪ್ಪೆ ಹಾಗೇ ಇರಲಿ.

ಮೇಲ್ಮುಖ ಮತ್ತು ಪದರಗಳ ಸಂಬಂಧ ನೋಡೋದನ್ನು ತುಂಬಾ ಜನ ಬಿಡ್ತಾರೆ. ಬದಿಯನ್ನು ಒದ್ದೆ ಮಾಡಿ ಬೆಳಕಿಗೆ ಹಿಡಿದರೆ ಪದರಗಳ ಗೆರೆ ಕಾಣುತ್ತೆ. ಆ ಗೆರೆಗಳು ಮೇಲ್ಮುಖಕ್ಕೆ ಸಮಾನಾಂತರವಾಗಿದ್ದರೆ ಕೊಯ್ದವರು ಸರಿಯಾಗಿ ಕೊಯ್ದಿದ್ದಾರೆ, ಓರೆ ಇರೋದು ಅಡಿ ಮಾತ್ರ. ಆಗ ಮೇಲ್ಮುಖವನ್ನು ಮುಟ್ಟಬೇಡಿ, ಓರೆಯನ್ನು ತಳದಲ್ಲೇ ಸರಿದೂಗಿಸಿ. ಮೇಲ್ಮುಖವನ್ನು ಅಡಿಗೆ ಸಮಾನಾಂತರ ಮಾಡೋಕೆ ಹೋದರೆ ಪದರಗಳನ್ನು ಓರೆಯಾಗಿ ಕತ್ತರಿಸಿದ ಹಾಗಾಗುತ್ತೆ. ತೆಳ್ಳಗಾದ ಪದರದ ಅಂಚುಗಳು ಚಕ್ಕೆ ಚಕ್ಕೆಯಾಗಿ ಏಳುತ್ತವೆ, ಆ ಚಕ್ಕೆ ಉಳಿಯ ಅಂಚಿಗೆ ಸಿಕ್ಕಿದರೆ ಅಷ್ಟು ಹೊತ್ತು ಕೊಟ್ಟ ಹದ ಹೋಯ್ತು.

ಕೂರಿಸುವ ಮೊದಲು ಒಂದು ಉಳಿ ಮಸೆದು ನೋಡಲೇಬೇಕು. ಬೆನ್ನು ಚಪ್ಪಟೆ ಇರುವ ಉಳಿಯನ್ನು ಕಲ್ಲಿನ ಒಂದೊಂದು ಭಾಗದ ಮೇಲೂ ಹತ್ತಿಪ್ಪತ್ತು ಸಲ ಎಳೆದು, ಗೀರು ಬೀಳುತ್ತಾ ನೋಡಿ. ಕೆಲವು ಗೆರೆಗಳು ಬರೀ ಬಣ್ಣ, ಏನೂ ಮಾಡಲ್ಲ. ಕೆಲವು ಕಲ್ಲಿಗಿಂತ ಗಟ್ಟಿ, ಉಕ್ಕನ್ನು ಗೀರುತ್ತವೆ. ಅಂಥದ್ದು ಇದ್ದರೆ ಚೂಪು ಮೊನೆಯಿಂದ ಆ ಗೆರೆಯನ್ನಷ್ಟೇ ಅರ್ಧ ಮಿ.ಮೀ. ಆಳಕ್ಕೆ ಕೆರೆದು ತೆಗೀತಾರೆ. ಅಂಟಿಸಿದ ಮೇಲೆ ಮುಖ ತಿರುಗಿಸೋಕೆ ಬರಲ್ಲ, ಅದಕ್ಕೇ ಮೊದಲೇ ಹೇಳ್ತಿರೋದು.

ಮರದ ವಿಷಯಕ್ಕೆ ಬಂದರೆ ತೇಗ ಆಗುತ್ತೆ, ಆದರೆ ಹೇಗೆ ಕೊಯ್ದ ತೇಗ ಅನ್ನೋದು ಮುಖ್ಯ. ಹಲಗೆಯ ತುದಿ ನೋಡಿ. ಬೆಳವಣಿಗೆ ಉಂಗುರಗಳು ಹಲಗೆಯ ಅಗಲದ ಉದ್ದಕ್ಕೂ ಮಲಗಿದ್ದರೆ ಅದು ಜಾಸ್ತಿ ಆಡುತ್ತೆ, ನೆಟ್ಟಗೆ ನಿಂತಿದ್ದರೆ ಅರ್ಧಕ್ಕಿಂತ ಕಡಿಮೆ. ಬೇಸಗೆಯಿಂದ ಮಳೆಗಾಲಕ್ಕೆ ಮರದ ತೇವಾಂಶ ಶೇ. 6ರಷ್ಟು ಏರಿತು ಅಂದುಕೊಳ್ಳಿ. 70 ಮಿ.ಮೀ. ಅಗಲದ ಮೊದಲ ಬಗೆಯ ತೇಗ ಸುಮಾರು 0.8 ಮಿ.ಮೀ. ಹಿಗ್ಗುತ್ತೆ, ಎರಡನೆಯದು 0.35ರ ಆಸುಪಾಸು. ಉದ್ದದಲ್ಲಿ ಹೆಚ್ಚೇನೂ ಇಲ್ಲ. ಕಲ್ಲಂತೂ ಕದಲಲ್ಲ. ಹಾಗಾಗಿ ಮರದ ಎಳೆ ಯಾವಾಗಲೂ ಕಲ್ಲಿನ ಉದ್ದಕ್ಕೇ ಇರಬೇಕು, ಕುಳಿ ತೋಡುವಾಗ ಎರಡೂ ಅಗಲದ ಬದಿಯಲ್ಲಿ 0.5ರಿಂದ 1 ಮಿ.ಮೀ. ಸಂದು ಬಿಡಬೇಕು. ಬಿಗಿಯಾಗಿ ಬಡಿದು ಕೂರಿಸಿದ ಕಲ್ಲು ಬೇಸಗೆಯಲ್ಲಿ ಮರ ಕುಗ್ಗಿದಾಗ ಇಕ್ಕಳದಲ್ಲಿ ಸಿಕ್ಕಿದ ಹಾಗೆ. ಹಲಸೂ ಚೆನ್ನಾಗಿರುತ್ತೆ. ಅದರ ಮೇಲೆ ಕಬ್ಬಿಣದ ರಾಡಿ ಬಿದ್ದು ಕಪ್ಪು ಕಲೆಯಾಗುತ್ತೆ, ಅದರಿಂದ ತೊಂದರೆ ಏನಿಲ್ಲ. ರಬ್ಬರ್ ಮರ ಬೇಡ, ಬೂಸಲು ಹಿಡಿಯುತ್ತೆ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಹತ್ತಿರಕ್ಕೂ ತರಬೇಡಿ.

ನಿಮ್ಮ ಅಳತೆಗೆ ತಳದ ಹಲಗೆ 240 × 95 × 30 ಮಿ.ಮೀ. ಇರಲಿ. ಕಲ್ಲನ್ನು ಹಲಗೆ ಮೇಲಿಟ್ಟು ಚೂಪು ಪೆನ್ಸಿಲ್‌ನಲ್ಲಿ ಸುತ್ತ ಗೀಟು ಎಳೆಯಿರಿ. ನೈಸರ್ಗಿಕ ಕಲ್ಲಿನ ಬದಿಗಳು ನೇರ ಇರಲ್ಲ, ಮಟ್ಟಗೋಲು ಇಟ್ಟು ಎಳೆದರೆ ಕೆಟ್ಟಿತು. ಕುಳಿಯ ಆಳ ತೆಳು ತುದಿಗೆ 4, ದಪ್ಪ ತುದಿಗೆ 9 ಮಿ.ಮೀ. ಆಗ ಎರಡೂ ಕಡೆ ಕಲ್ಲು ತಳದಿಂದ 10 ಮಿ.ಮೀ. ಮೇಲಿರುತ್ತೆ, ಮಸೆಯುವ ಮುಖ ಮಟ್ಟಸ ಆಗುತ್ತೆ.

ಈಗ ಒರಟು ಅಡಿಗೆ ಮರವನ್ನು ಒಗ್ಗಿಸುವ ಕೆಲಸ. ಕುಳಿಗೆ ಒಂದು ಕಾರ್ಬನ್ ಕಾಗದ ಹಾಸಿ, ಮಸಿ ಮುಖ ಮರದ ಕಡೆಗಿರಲಿ. ಕಲ್ಲನ್ನು ಇಟ್ಟು ಅಂಗೈಯಿಂದ ನಾಲ್ಕಾರು ಕಡೆ ಒತ್ತಿ. ಎತ್ತಿದರೆ ಕಲ್ಲಿನ ಉಬ್ಬುಗಳು ತಾಗಿದ ಕಡೆ ಮರದ ಮೇಲೆ ಮಸಿ ಬಿದ್ದಿರುತ್ತೆ. ಆ ಮಚ್ಚೆಗಳನ್ನಷ್ಟೇ ಅಗಲ ಉಳಿಯಿಂದ ಹೆರೆದು ಮತ್ತೆ ಇಡಿ. ಮೊದಮೊದಲು ಮೂರೋ ನಾಲ್ಕೋ ಮಚ್ಚೆ ಇರುತ್ತೆ, ಹೆರೀತಾ ಹೋದಂತೆ ಹರಡುತ್ತೆ. ಇಡೀ ಕುಳಿಯಲ್ಲಿ ಒತ್ತಾಗಿ ಮಚ್ಚೆ ಬಿದ್ದಾಗ ಮುಗಿಯಿತು. ಕಾವಿ ಹಚ್ಚಿಯೂ ಇದೇ ಕೆಲಸ ಮಾಡಬಹುದು, ಆದರೆ ಕಲ್ಲಿನ ಸಿಪ್ಪೆಗೆ ಹೊಕ್ಕ ಕಾವಿ ಪುಡಿ ಆಮೇಲೆ ಅಂಟನ್ನು ಹಿಡಿಯೋಕೆ ಬಿಡಲ್ಲ, ಕಾರ್ಬನ್ ಕಾಗದದಲ್ಲಿ ಆ ರಗಳೆ ಇಲ್ಲ.

ಹೀಗೆ ಕೂತ ಕಲ್ಲಿಗೆ ಅಂಟು ಬೇಡ ಅನ್ನೋದು ನನ್ನ ಅಭಿಪ್ರಾಯ. ದಪ್ಪ ತುದಿಯ ಹತ್ತಿರ ತಳಕ್ಕೆ 8 ಮಿ.ಮೀ. ತೂತು ಕೊರೆದರೆ ನೀರು ಇಳಿದು ಹೋಗುತ್ತೆ, ಅದರಲ್ಲೇ ಕಡ್ಡಿಯಿಂದ ಒತ್ತಿ ಕಲ್ಲು ಹೊರತೆಗೆಯಬಹುದು. ಕೆಲಸ ಮುಗಿದ ಮೇಲೆ ಕಲ್ಲು ತೆಗೆದು ನೆರಳಲ್ಲಿ ಒಣಗಿಸಿ. ತಳದ ಅಡಿಗೆ ಎರಡು ತುದಿಯಲ್ಲೂ ಅಡ್ಡಪಟ್ಟಿ ಹೊಡೆದರೆ ಮೇಜಿನ ನೀರು ಮರಕ್ಕೆ ಏರಲ್ಲ.

---

ಜಿಗಣಿ_ಕಲ್ಲುಕೆಲಸ:

ಬಾಚಿ ಅವರು ಹೇಳಿದ ಕಾರ್ಬನ್ ಕಾಗದದ ಕ್ರಮ ಬಹಳ ಚೆನ್ನಾಗಿದೆ, 25 ಮಿ.ಮೀ.ಗಿಂತ ದಪ್ಪದ ಕಲ್ಲಿಗೆ ನಾನೂ ಅದನ್ನೇ ಹೇಳ್ತೀನಿ. ಆದರೆ 14 ಮಿ.ಮೀ. ಕಲ್ಲಿಗೆ ಅಂಟಿಲ್ಲದ ಕೂರಿಕೆ ಸಾಲದು. ಎಷ್ಟೇ ಹೆರೆದರೂ ಮರ ಕಲ್ಲಿಗೆ ತಾಗೋದು ಮಚ್ಚೆ ಮಚ್ಚೆಯಾಗಿ. ಮಳೆಗಾಲದಲ್ಲಿ ಕುಳಿಯ ಮರ ಸ್ವಲ್ಪ ತಿರುಚಿದರೂ ಮೂರು ಬಿಂದುಗಳ ಮೇಲೆ ನಿಂತ ಹಾಗಾಗುತ್ತೆ.

ನನ್ನ ಸಲಹೆ ಮರವನ್ನೇ ಬಿಟ್ಟು ಕಲ್ಲಿಗೆ ಕಲ್ಲಿನ ತಳ. ಅಡುಗೆಮನೆ ಕಟ್ಟೆಗೆ ಹಾಕುವ ಕಡಪಾ ಕಲ್ಲು 18–20 ಮಿ.ಮೀ. ದಪ್ಪದ್ದು ಎಲ್ಲ ಊರಲ್ಲೂ ಸಿಗುತ್ತೆ. 220 × 90 ಅಳತೆಗೆ ಕತ್ತರಿಸಿದ ತುಂಡು ಒಂದು ಕೆ.ಜಿ. ಆಸುಪಾಸು ತೂಗುತ್ತೆ, ಆ ತೂಕದಿಂದಲೇ ಕಲ್ಲು ಮೇಜಿನ ಮೇಲೆ ಗಟ್ಟಿಯಾಗಿ ಕೂರುತ್ತೆ. ನೀರು ಕುಡಿದು ಉಬ್ಬೋದು, ಬಾಗೋದು ಇಲ್ಲ. ಗ್ರಾನೈಟ್ ಆದರೂ ನಡೆಯುತ್ತೆ. ಬೆಲ್ಜಿಯಂನ ತೆಳು ಹಳದಿ ಕಲ್ಲುಗಳಿಗೆ ಸ್ಲೇಟಿನ ಬೆನ್ನು ಅಂಟಿಸೋದು ಇದೇ ಕಾರಣಕ್ಕೆ.

ಪಾಲಿಶ್ ಆದ ಮುಖಕ್ಕೆ ಅಂಟು ಹಿಡಿಯಲ್ಲ. 80 ನಂಬರಿನ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ನೀರಿನ ಜೊತೆ ಹಾಕಿ ಇನ್ನೊಂದು ಕಲ್ಲಿನ ತುಂಡಿನಿಂದ ಉಜ್ಜಿ, ಹೊಳಪು ಪೂರ್ತಿ ಹೋಗಿ ಬೂದು ಬಣ್ಣ ಬರಬೇಕು. ತೊಳೆದು, ಒಣಗಿಸಿ, ಅಸಿಟೋನ್‌ನಿಂದ ಒರೆಸಿ. ಅಂಚುಗಳನ್ನು 2 ಮಿ.ಮೀ. ಓರೆ ಹೊಡೆಯಿರಿ, ಇಲ್ಲದಿದ್ದರೆ ಕೈ ಕೊಯ್ಯುತ್ತೆ.

ಸಾಣೆಕಲ್ಲು ಪೂರ್ತಿ ಒಣಗಿರಬೇಕು, ಇದು ಎಲ್ಲಕ್ಕಿಂತ ಮುಖ್ಯ. ಮುಟ್ಟಿದರೆ ಒಣಗಿದೆ ಅನಿಸುತ್ತೆ, ಒಳಗೆ ತೇವ ಇರುತ್ತೆ. ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಗಿ. ನಿಮ್ಮ ಕಲ್ಲು 600 ಗ್ರಾಂ ಆಸುಪಾಸು ಇರಬಹುದು. ಸತತ ಎರಡು ದಿನ ಒಂದು ಗ್ರಾಂ ಕೂಡ ಇಳಿಯದಿದ್ದರೆ ಒಣಗಿದೆ ಅಂತ ಲೆಕ್ಕ. ಬೇಗ ಆಗಲಿ ಅಂತ ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಮೇಲ್ಪದರ ಮೊದಲು ಒಣಗಿ ಬಿಗಿದು ಪದರ ಬಿಚ್ಚುತ್ತೆ. ಫ್ಯಾನಿನ ಕೆಳಗೆ, ಎರಡು ಕಡ್ಡಿಯ ಮೇಲೆ ಇಟ್ಟರೆ ಸಾಕು.

ಅಂಟಿಗೆ ಅರಾಲ್ಡೈಟ್ ಸ್ಟಾಂಡರ್ಡ್, ಅಂದರೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ. ಐದು ನಿಮಿಷದ್ದು ಬೇಡ, ಅದು ನೀರು ತಡೆಯುವುದರಲ್ಲಿ ಹಿಂದೆ, ಜೊತೆಗೆ ಕಲ್ಲನ್ನು ಮಟ್ಟ ಮಾಡೋಕೆ ಸಮಯವನ್ನೂ ಕೊಡಲ್ಲ. ಸಾಮಾನ್ಯ ಬಿಳಿ ಫೆವಿಕಾಲ್ ನೀರಿಗೆ ಮೆತ್ತಗಾಗುತ್ತೆ, ಒರಟು ಮುಖದ ಸಂದನ್ನೂ ತುಂಬಲ್ಲ. ಸಿಲಿಕೋನ್ ಅಂತ ಕೆಲವರು ಹೇಳ್ತಾರೆ. ದಪ್ಪ ಕಲ್ಲಿಗೆ ಸರಿ, ಬೇಕಾದಾಗ ತಂತಿ ಎಳೆದು ಬಿಡಿಸಬಹುದು. ತೆಳು ಕಲ್ಲಿಗೆ ಬೇಡವೇ ಬೇಡ, ರಬ್ಬರಿನ ಮೇಲೆ ಕೂತ ಕಲ್ಲು ಒತ್ತಿದ ಕಡೆ ಬಾಗಿ ಮುರಿಯುತ್ತೆ.

ಕ್ರಮ ಹೀಗೆ. ಮೊದಲು ರೆಸಿನ್, ಹಾರ್ಡನರ್ ಎರಡೂ 3–3 ಮಿ.ಲೀ. ಕಲೆಸಿ, ಹತ್ತರಲ್ಲಿ ಒಂದು ಪಾಲು ಅಸಿಟೋನ್ ಹಾಕಿ ತೆಳು ಮಾಡಿ ಕಲ್ಲಿನ ಅಡಿ ಮುಖಕ್ಕೆ ಬ್ರಷ್‌ನಲ್ಲಿ ತಿಕ್ಕಿ. ಸಿಪ್ಪೆಯ ರಂಧ್ರಕ್ಕೆ ಇಳಿದು ಅದನ್ನು ಗಟ್ಟಿ ಮಾಡುತ್ತೆ. ಈ ಹಂತ ಬಿಟ್ಟರೆ ದಪ್ಪ ಅಂಟು ಹಿಡಿದುಕೊಳ್ಳೋದು ಸಿಪ್ಪೆಯನ್ನು, ಕಲ್ಲನ್ನಲ್ಲ. ಒಂದು ದಿನ ಸಿಪ್ಪೆ ಸಮೇತ ಕಲ್ಲು ಕಳಚಿ ಕೈಗೆ ಬರುತ್ತೆ. ಅರ್ಧ ಗಂಟೆ ಬಿಡಿ, ಅಸಿಟೋನ್ ಹಾರಿಹೋಗಲಿ.

ಅಷ್ಟರಲ್ಲಿ ಮಟ್ಟ ಮಾಡಿ. ತೆಳು ತುದಿಯ ಅಡಿಗೆ 6 ಮಿ.ಮೀ. ದಪ್ಪದ ಎರಡು ಸಣ್ಣ ಗಾಜಿನ ಅಥವಾ ಅಕ್ರಿಲಿಕ್ ತುಂಡು, ದಪ್ಪ ತುದಿಯ ನಡುವೆ 1 ಮಿ.ಮೀ. ತುಂಡು ಒಂದು. ಮೂರು ಆಸರೆ ಇದ್ದರೆ ಕಲ್ಲು ಅಲ್ಲಾಡಲ್ಲ, ಮೇಲ್ಮುಖ ತಳಕ್ಕೆ ಸಮಾನಾಂತರ ಬರುತ್ತೆ. ನಡುವಿನ ಜಾಗ ತುಂಬೋಕೆ ಲೆಕ್ಕ: 195 × 70, ಸರಾಸರಿ 3.5 ಮಿ.ಮೀ. ಅಂದರೆ 48 ಮಿ.ಲೀ. ಮೂರನೇ ಒಂದು ಪಾಲು ಟಾಲ್ಕ್ ಅಥವಾ ಚಾಕ್ ಪುಡಿ ಹಾಕಿದರೆ ಅಂಟು 35 ಮಿ.ಲೀ. ಸಾಕು. ಘನ ಅಳತೆಯಲ್ಲಿ ರೆಸಿನ್, ಹಾರ್ಡನರ್ ಸಮ ಸಮ. ತೂಕದಲ್ಲಾದರೆ 100ಕ್ಕೆ 80. ಚಮಚ ಎತ್ತಿದರೆ ಮುದ್ದೆಯಾಗಿ ಬೀಳುವಷ್ಟು ಗಟ್ಟಿ ಇರಲಿ. ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಕಲೆಸಿ ಇಟ್ಟುಕೊಂಡರೆ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತೆ, ಎರಡು ಸಲ ಮಾಡಿಕೊಳ್ಳಿ, ಕಲೆಸಿದ ತಕ್ಷಣ ತಳದ ಮೇಲೆ ಹರಡಿ.

ಹರಡುವಾಗ ನಡುವೆ ದಿಬ್ಬ ಇರಬೇಕು, ಅಂಚಿಗೆ ಇಳಿಜಾರು. ಕಲ್ಲನ್ನು ನೆಟ್ಟಗೆ ಇಳಿಸಿ ಸ್ವಲ್ಪ ಸ್ವಲ್ಪವೇ ಅಲುಗಿಸುತ್ತಾ ಒತ್ತಿದರೆ ಗಾಳಿ ಹೊರಗೆ ಹೋಗುತ್ತೆ. ನಾಲ್ಕೂ ಸುತ್ತ ಅಂಟು ಹೊರಬಂದರೆ ಒಳಗೆ ಪೊಳ್ಳಿಲ್ಲ ಅಂತ ಅರ್ಥ. ಒಂದು ಕಡೆ ಬರದಿದ್ದರೆ ಎತ್ತಿ ಇನ್ನಷ್ಟು ಹಾಕಿ, ಬಂದೀತು ಅಂತ ಬಿಡಬೇಡಿ. ಕ್ಲಾಂಪ್ ಹಾಕಬೇಡಿ. ಎರಡು ಕೆ.ಜಿ. ಮರಳಿನ ಚೀಲ ಮೇಲೆ ಹಾಸಿದರೆ ಭಾರ ಸಮನಾಗಿ ಬೀಳುತ್ತೆ. ಕಲ್ಲಿನ ಬದಿಗೆ ಮೊದಲೇ ಮಾಸ್ಕಿಂಗ್ ಟೇಪ್ ಸುತ್ತಿ, ಮೇಲ್ಮುಖದ ಮೇಲೆ ಬಿದ್ದ ಅಂಟನ್ನು ಹಸಿ ಇದ್ದಾಗಲೇ ಸ್ಪಿರಿಟ್‌ನಿಂದ ಒರೆಸಿ. 24 ಗಂಟೆ ಮುಟ್ಟಬೇಡಿ, ನೀರು ತಾಗಿಸೋದಕ್ಕೆ ಮೂರು ದಿನವಾದರೂ ಆಗಲಿ.

ಒಮ್ಮೆ ಹೀಗೆ ಅಂಟಿಸಿದರೆ ಬಿಡಿಸೋಕೆ ಆಗಲ್ಲ. ಎಪಾಕ್ಸಿ ಮೆತ್ತಗಾಗುವಷ್ಟು ಕಾಯಿಸಿದರೆ ಕಲ್ಲು ಸೀಳುವ ಅಪಾಯ ಇದೆ. ಅದು ತಿಳಿದೇ ಮಾಡಿ.

---

ಗೇರುಬೀಜ_ಕರಾವಳಿ:

ತಳದ ವಿಷಯ ಇಬ್ಬರೂ ಹೇಳಿದ್ದಾರೆ, ನಾನು ಬದಿಗಳ ಲೇಪನದ ಬಗ್ಗೆ ಮಾತ್ರ ಹೇಳ್ತೇನೆ.

ಅವಾಸೆದೋ ಕಲ್ಲು ಮೇಲ್ಮುಖದಿಂದ ನೀರು ಕುಡಿಯೋದು ಕಡಿಮೆ. ನೀರು ಹೋಗೋದು ಬದಿಯಿಂದ, ಪದರದ ಸಂದಿನಲ್ಲಿ. ಒದ್ದೆಯಾಗಿ, ಒಣಗಿ, ಮತ್ತೆ ಒದ್ದೆಯಾಗಿ ಆ ಸಂದು ದೊಡ್ಡದಾಗುತ್ತಾ ಹೋಗುತ್ತದೆ. ಜಪಾನಿನ ಚಳಿಯಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಒಡೆಯುವ ಅಪಾಯವೂ ಉಂಟು, ನಮಗೆ ಅದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ ಎನ್ನುವುದು ನಮ್ಮ ಸಮಸ್ಯೆ. ಅದಕ್ಕೇ ಲೇಪನ ಬೇಕು. ಈ ಕಲ್ಲನ್ನು ಎಂದಿಗೂ ನೀರಲ್ಲಿ ಮುಳುಗಿಸಿ ಇಡಬಾರದು, ಮೇಲೆ ಚಿಮುಕಿಸಿದರೆ ಸಾಕು.

ಅಲ್ಲಿ ಸಾಂಪ್ರದಾಯಿಕವಾಗಿ ಬಳಿಯುವುದು ಉರುಶಿ, ಮರದ ರಸದಿಂದ ಬರುವ ಅರಗು. ಅದು ಒಣಗಲು ಬಿಸಿಲು ಬೇಡ, ತೇವದ ಗಾಳಿ ಬೇಕು, ಶೇ. 70–80 ಆರ್ದ್ರತೆ. ನಮ್ಮ ಮಳೆಗಾಲ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಉರುಶಿ ಮರವೂ ಮಾವು, ಗೇರಿನ ಕುಟುಂಬದ್ದೇ. ಮಾವಿನ ಸೊನೆ ತಾಗಿದರೆ ಬೊಬ್ಬೆ ಏಳುವ ಮೈ ನಿಮ್ಮದಾದರೆ ಹಸಿ ಉರುಶಿಯಿಂದ ಅದಕ್ಕಿಂತ ಹೆಚ್ಚು ಬಾಧೆ. ಕೈಗವಸು ಇಲ್ಲದೆ ಮುಟ್ಟಬೇಡಿ.

ಈಗ ಅಲ್ಲಿ ಬಹಳ ಮಂದಿ ಬಳಸುವುದು ಕಶು ಎಂಬ ಬಣ್ಣ. ಅದನ್ನು ಮಾಡುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ. ಮಂಗಳೂರು ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ಆ ಎಣ್ಣೆ ಬರುತ್ತದೆ, ನಮ್ಮ ಕಡೆ ದೋಣಿಯ ಮರಕ್ಕೆ ಬಳಿಯುವ ವಾಡಿಕೆಯೂ ಉಂಟು. ಹಾಗಂತ ಕಚ್ಚಾ ಎಣ್ಣೆ ತಂದು ಕಲ್ಲಿಗೆ ಬಳಿಯಬೇಡಿ. ಅದು ಮೈ ಸುಡುತ್ತದೆ, ಕಲ್ಲಿನ ಮೇಲೆ ಅಂಟಂಟಾಗಿ ಉಳಿಯುತ್ತದೆ, ಗಟ್ಟಿ ಪೊರೆ ಕಟ್ಟುವುದಿಲ್ಲ. ಸಂಸ್ಕರಿಸಿ ಬಣ್ಣವಾಗಿ ಮಾಡಿದ್ದು ಬೇರೆ.

ಇಲ್ಲಿ ಸಿಗುವುದರಲ್ಲಿ ನನ್ನ ಆಯ್ಕೆ ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ವಾರ್ನಿಶ್. ಮೊದಲ ಲೇಪಕ್ಕೆ ಅದರದ್ದೇ ಥಿನ್ನರ್ ಅರ್ಧಕ್ಕರ್ಧ ಹಾಕಿ ನೀರಿನಂತೆ ಮಾಡಿ ಕುಡಿಸಿ. ಸಂದುಗಳು ಕುಡಿಯುವುದು ಕಣ್ಣಿಗೇ ಕಾಣುತ್ತದೆ, ಕುಡಿದ ಕಡೆ ಮತ್ತೆ ಹಚ್ಚಿ. ಒಣಗಿದ ಮೇಲೆ 320ರ ವಾಟರ್ ಪೇಪರಿನಿಂದ ಹಗುರವಾಗಿ ಉಜ್ಜಿ, ಮತ್ತೆ ಎರಡು ಅಥವಾ ಮೂರು ತೆಳು ಲೇಪ. ಒಂದೇ ಸಲ ದಪ್ಪಗೆ ಬಳಿದರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ನೀರು ತಾಗಿದಾಗ ಹಾಳೆಯಂತೆ ಏಳುತ್ತದೆ.

ಫ್ರೆಂಚ್ ಪಾಲಿಶ್ ಅಂದರೆ ಚಪಡಾ ಅರಗು ನೋಡಲು ಚಂದ, ಆದರೆ ನೀರು ನಿಂತರೆ ಬೆಳ್ಳಗಾಗುತ್ತದೆ. ಉಗುರು ಬಣ್ಣ ತಾತ್ಕಾಲಿಕಕ್ಕೆ ಅಡ್ಡಿಯಿಲ್ಲ. ಎಣ್ಣೆ, ಮೇಣ ಬೇಡ. ಆಮೇಲೆ ಯಾವ ಅಂಟೂ ಹಿಡಿಯುವುದಿಲ್ಲ.

ಇನ್ನೊಂದು, ಎಪಾಕ್ಸಿ ಹಾಕುವುದಾದರೆ ಅಡಿ ಮುಖಕ್ಕೆ ವಾರ್ನಿಶ್ ಹಚ್ಚಬೇಡಿ. ವಾರ್ನಿಶ್ ಎಷ್ಟು ಗಟ್ಟಿಯೋ ಅಂಟೂ ಅಷ್ಟೇ ಗಟ್ಟಿ ಆದೀತು. ಅಂಟಿಲ್ಲದೆ ಕುಳಿಯಲ್ಲಿ ಇಡುವುದಾದರೆ ಅಡಿಗೂ ಹಚ್ಚಿ, ಕುಳಿಯ ಒಳಗಿನ ಮರಕ್ಕೂ ಹಚ್ಚಿ, ಮುಖ್ಯವಾಗಿ ಮರದ ಎರಡು ತುದಿಗಳಿಗೆ. ಮರ ನೀರು ಕುಡಿಯುವುದು ತುದಿಯಿಂದಲೇ.

---

ತುಂಗಾತೀರ_ಉಳಿ:

ಮೂವರಿಗೂ ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಬದಿ ಒದ್ದೆ ಮಾಡಿ ನೋಡಿದೆ. ಪದರಗಳು ಮೇಲ್ಮುಖಕ್ಕೆ ಸಮಾನಾಂತರವೇ ಇವೆ. ಕೂದಲೆಳೆ ಗೆರೆ ಕೂಡ ಪದರದ ಜೊತೆಗೇ ಅಡ್ಡಡ್ಡ ಹೋಗುತ್ತೆ, ತೆಳು ತುದಿಯ ಕಡೆ, ಅಡಿಯಿಂದ ಸುಮಾರು 5 ಮಿ.ಮೀ. ಮೇಲೆ. ಉಳಿದ ಭಾಗ ಒಣಗಿದ ಮೇಲೂ ಆ ಗೆರೆ ಮಾತ್ರ ಸ್ವಲ್ಪ ಹೊತ್ತು ಕಪ್ಪಾಗಿ ಉಳಿಯುತ್ತೆ. ಬಾಚಿ ಅವರು ಹೇಳಿದಂತೆ 4 ಮಿ.ಮೀ. ಕುಳಿ ಮಾಡಿದರೆ ಗೆರೆ ಮರದ ಅಂಚಿಗಿಂತ ಒಂದೇ ಮಿ.ಮೀ. ಮೇಲೆ ಬರುತ್ತೆ. ಕುಳಿಯನ್ನು 6 ಮಾಡಿ ಗೆರೆಯನ್ನು ಒಳಗೆ ಸೇರಿಸಿಬಿಡಲಾ? ಮರ ಹಿಡಿದುಕೊಂಡ ಹಾಗೂ ಆಗುತ್ತೆ ಅಂತ.

---

ಬಾಚಿ_ಬೈರಿಗೆ:

ತಡವಾಗಿ ಒಣಗುತ್ತೆ ಅಂದರೆ ಅದು ಬಣ್ಣದ ಗೆರೆಯಲ್ಲ, ತೆರೆದ ಬಿರುಕು. ಕಲ್ಲನ್ನು ಎರಡು ಬೆರಳಲ್ಲಿ ತೂಗುಹಾಕಿ ಮರದ ಕಡ್ಡಿಯಿಂದ ತಟ್ಟಿ ನೋಡಿ. ಬೇರೆ ಕಡೆ ಠಣ್ ಅಂದು ಆ ತುದಿಯಲ್ಲಿ ಮಾತ್ರ ಸದ್ದು ಮಂಕಾದರೆ ಬಿರುಕು ಒಳಕ್ಕೂ ಹೋಗಿದೆ ಅಂತಾಯ್ತು.

ಕುಳಿಯೊಳಗೆ ಸೇರಿಸಬೇಡಿ. ಸಂದಿನಲ್ಲಿ ನೀರು ನಿಲ್ಲೋದೇ ಅಲ್ಲಿ, ಬಿರುಕನ್ನು ನೀವಾಗಿ ತೊಟ್ಟಿಯಲ್ಲಿ ಇಟ್ಟಂತಾಗುತ್ತೆ. ಮರ ಬದಿಯಿಂದ ಹಿಡಿದರೆ ಅಡ್ಡ ಬಿರುಕಿಗೆ ಏನೂ ಸಹಾಯ ಆಗಲ್ಲ. ಅದು ತೆರೆಯೋದು ಮೇಲೆ ಕೆಳಗೆ, ಬದಿಗಲ್ಲ.

ಈ ಕಲ್ಲಿಗೆ ನನ್ನ ಮೊದಲ ಸಲಹೆ ಹಿಂದಕ್ಕೆ ತಗೋತೀನಿ. ತೆಳು ತುದಿ 14, ಅಲ್ಲೇ ಅಡ್ಡ ಬಿರುಕು ಅಂದ ಮೇಲೆ ಜಿಗಣಿಯವರು ಹೇಳಿದ ಕಡಪಾ ತಳ, ಅಡಿಪೂರ್ತಿ ಎಪಾಕ್ಸಿ, ಅದೇ ಸರಿ. ಕುಳಿ ಬೇಡ, ಮಟ್ಟಸ ತಳ, ಬಿರುಕು ತಳಕ್ಕಿಂತ ಮೇಲೆಯೇ ಇರಲಿ. ಮರವೇ ಬೇಕು ಅಂದರೆ ಐಎಸ್ 710 ದರ್ಜೆಯ 19 ಮಿ.ಮೀ. ಮರೈನ್ ಪ್ಲೈ, ಅಂಚುಗಳಿಗೆಲ್ಲ ಎಪಾಕ್ಸಿ ಕುಡಿಸಿದ್ದು. ಅದರ ಪದರಗಳು ಅಡ್ಡ ಉದ್ದ ಇರೋದರಿಂದ ಹಿಗ್ಗಾಟ ಕಡಿಮೆ. ಇಡೀ ಮರದ ಹಲಗೆಗೆ ಮಾತ್ರ ಎಪಾಕ್ಸಿಯಲ್ಲಿ ಅಂಟಿಸಬೇಡಿ. ಮರ 0.8 ಮಿ.ಮೀ. ಹಿಗ್ಗುವಾಗ ಎಪಾಕ್ಸಿ ಬಿಟ್ಟುಕೊಡಲ್ಲ, ಎಳೆತವೆಲ್ಲ ಕಲ್ಲಿಗೆ ಹೋಗುತ್ತೆ, ನಿಮ್ಮ ಕಲ್ಲಿನಲ್ಲಿ ಅದು ಹುಡುಕೋ ದಾರಿ ಆ ಬಿರುಕೇ.

ಕೆಲಸದ ಸರದಿ ತಪ್ಪಬಾರದು. ತಕ್ಕಡಿ ಪರೀಕ್ಷೆ ಆಗುವವರೆಗೂ ಒಣಗಿಸಿ. ಆಮೇಲೆ ಬಿರುಕಿಗೆ ಫೆವಿಕ್ವಿಕ್‌ನಂಥ ನೀರಾದ ಅಂಟು, ಸೂಜಿ ತುದಿಯಿಂದ ಒಂದೊಂದೇ ಹನಿ. ಕಲ್ಲನ್ನು ಬಿರುಕು ಮೇಲೆ ಬರುವ ಹಾಗೆ ಓರೆ ನಿಲ್ಲಿಸಿದರೆ ತಾನೇ ಎಳೆದುಕೊಳ್ಳುತ್ತೆ. ಎಳೆದುಕೊಳ್ಳೋದು ನಿಂತಾಗ ನಿಲ್ಲಿಸಿ, ಮೇಲೆ ಉಳಿದದ್ದನ್ನು ತಕ್ಷಣ ಒರೆಸಿ. ಮರುದಿನ ತಳಕ್ಕೆ ಅಂಟಿಸಿ. ಅದು ಪೂರ್ತಿ ಗಟ್ಟಿಯಾದ ಮೇಲೆ ಬದಿಗಳಿಗೆ ಗೇರುಬೀಜ ಅವರು ಹೇಳಿದ ವಾರ್ನಿಶ್, ಕಲ್ಲು ಮತ್ತು ಅಂಟು ಸೇರುವ ಗೆರೆಯನ್ನೂ ಮುಚ್ಚುವ ಹಾಗೆ. ಮೊದಲೇ ವಾರ್ನಿಶ್ ಮಾಡಿದರೆ ಹೊರಬಂದ ಎಪಾಕ್ಸಿಯನ್ನು ಕೆರೆಯುವಾಗ ಅದೂ ಕಿತ್ತು ಬರುತ್ತೆ.

ಬಿರುಕಿನ ಮೇಲೆ ಇನ್ನೂ 9 ಮಿ.ಮೀ. ಒಳ್ಳೆ ಕಲ್ಲಿದೆ. ಗಟ್ಟಿ ತೊಮಾಯೆ ಸವೆಯೋದು ಬಲು ನಿಧಾನ, ಚಿಂತೆ ಬೇಡ.

---

ಕ್ಷೌರ_ಕತ್ತಿ:

ಇದೇ ಎಳೆಯಲ್ಲಿ ಕೇಳ್ತೀನಿ. ಬೆಲ್ಜಿಯಂನ ಹಳದಿ ಕಲ್ಲು ಕೊಟಿಕ್ಯೂಲ್ 8 ಮಿ.ಮೀ. ತುಂಡು, ಅಮೆರಿಕದ ಅರ್ಕಾನ್ಸಾ ಕಲ್ಲು 12 ಮಿ.ಮೀ. ಇವಕ್ಕೂ ಇದೇ ಕ್ರಮವಾ?

---

ಜಿಗಣಿ_ಕಲ್ಲುಕೆಲಸ:

ಕೊಟಿಕ್ಯೂಲ್‌ಗೆ ಹೆಚ್ಚು ಕಡಿಮೆ ಇದೇ. 8 ಮಿ.ಮೀ. ಅಂದರೆ ಕಲ್ಲಿನ ಬೆನ್ನು ಇರಲೇಬೇಕು. ಅಡಿ ಮುಖ ಸಾಮಾನ್ಯವಾಗಿ ಕೊಯ್ದು ಮಟ್ಟ ಮಾಡಿರುತ್ತಾರೆ, ಹಾಗಿದ್ದರೆ ಅರ್ಧ ಮಿ.ಮೀ. ಅಂಟು ಸಾಕು, ಪುಡಿ ಬೆರೆಸಬೇಕಿಲ್ಲ. ಎರಡೂ ಮುಖವನ್ನು 120ರ ಪೇಪರಿನಲ್ಲಿ ಒರಟು ಮಾಡಿ. ತುಂಡಿಗೆ ಮೊದಲೇ ನೀಲಿ ಬಣ್ಣದ ಕಲ್ಲಿನ ಬೆನ್ನು ಹುಟ್ಟಿನಿಂದಲೇ ಕೂಡಿಕೊಂಡಿದೆಯಾ ನೋಡಿ. ಇದ್ದರೆ ಆ ನೀಲಿಯೂ ಸಾಣೆಗೆ ಬರುತ್ತೆ, ಅದನ್ನು ಅಂಟಿನಡಿ ಮುಚ್ಚೋದು ಅನ್ಯಾಯ. ಬದಿಗೆ ಲೇಪನ ಬೇಕಿಲ್ಲ.

ಅರ್ಕಾನ್ಸಾ ಬೇರೆಯೇ ಜಾತಿ. ಪದರಗಳಿಲ್ಲ, ನೀರು ಅಷ್ಟಾಗಿ ಕುಡಿಯಲ್ಲ, ಎಣ್ಣೆ ಹಾಕಿ ಮಸೆಯೋದು. ಅದಕ್ಕೆ ಮರದ ಪೆಟ್ಟಿಗೆಯೇ ಸರಿ, ಅಂಟು ಬೇಡ. ಆದರೆ ಗಾಜಿನಂತೆ ಸಿಡಿಯುವ ಕಲ್ಲು, ಬಿದ್ದರೆ ಎರಡಾಗುತ್ತೆ, ಹಾಗಾಗಿ ಕುಳಿ ಕಲ್ಲಿನ ಅರ್ಧ ದಪ್ಪಕ್ಕಾದರೂ ಇರಲಿ, ಮುಚ್ಚಳವೂ ಇರಲಿ. ಎಣ್ಣೆ ಕುಡಿದ ಹಳೆಯ ಕಲ್ಲಿಗೆ ಅಂಟಿಸಲೇಬೇಕು ಅಂದರೆ ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ, ಬಟ್ಟೆಗೆ ಹಳದಿ ಬರೋದು ನಿಲ್ಲುವವರೆಗೆ ಬದಲಾಯಿಸಬೇಕು. ಬೆಂಕಿಯಿಂದ ದೂರ, ಕಿಟಕಿ ತೆರೆದು ಮಾಡಿ.

---

ಗೇರುಬೀಜ_ಕರಾವಳಿ:

ಉಳಿಯವರಿಗೆ ಒಂದು ಮಾತು ಬಿಟ್ಟುಹೋಗಿತ್ತು. ವಾರ್ನಿಶ್ ಮೇಲ್ಮುಖದ ಅಂಚಿನವರೆಗೆ ಬಳಿಯಬೇಡಿ, 2–3 ಮಿ.ಮೀ. ಕೆಳಗೆ ನಿಲ್ಲಿಸಿ. ಕಲ್ಲನ್ನು ಪ್ರತಿ ಸಲ ಮಟ್ಟ ಮಾಡುವಾಗ ಮುಖ ಕೆಳಗಿಳಿದು ವಾರ್ನಿಶ್‌ಗೆ ತಾಗುತ್ತದೆ. ಹಾಗೆ ಬಿಟ್ಟರೆ ಅದರ ಚೂರುಗಳು ರಾಡಿಯಲ್ಲಿ ಸೇರಿ ಉಳಿ ಜಾರಲು ಶುರುವಾಗುತ್ತದೆ. ಡೈಮಂಡ್ ಪ್ಲೇಟಿನಲ್ಲಿ ಮಟ್ಟ ಮಾಡಿದ ಕೂಡಲೇ ಅದೇ ಪ್ಲೇಟನ್ನು 45 ಡಿಗ್ರಿ ಹಿಡಿದು ನಾಲ್ಕೂ ಅಂಚನ್ನು ಒಂದು ಮಿ.ಮೀ. ಓರೆ ಮಾಡಿ, ಕಲ್ಲಿನ ಕಡೆಯಿಂದ ಹೊರಕ್ಕೆ ಎಳೆಯಬೇಡಿ, ಹೊರಗಿನಿಂದ ಒಳಕ್ಕೂ ಬೇಡ, ಅಂಚಿನ ಉದ್ದಕ್ಕೆ ಎಳೆಯಿರಿ. ಚಕ್ಕೆ ಏಳುವುದಿಲ್ಲ. ವಾರ್ನಿಶ್ ಎಲ್ಲಾದರೂ ಬಿಳಿಚಿಕೊಂಡು ಗುಳ್ಳೆ ಎದ್ದಿದ್ದು ಕಂಡರೆ ಅಲ್ಲಿ ನೀರು ಒಳಗೆ ಹೋಗಿದೆ ಎಂದೇ ತಿಳಿದು, ಅಷ್ಟು ಭಾಗ ಕೆರೆದು, ಕಲ್ಲು ಒಣಗಿದ ಮೇಲೆ ಮತ್ತೆ ಬಳಿಯಿರಿ. ಒದ್ದೆ ಇರುವಾಗ ಮೇಲಿಂದ ಮೇಲೆ ಬಳಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ.